ಜೀರ್ಣೋದ್ಧಾರದ ಲೆಕ್ಕ

ಹೊಯ್ಸಳರ ಕಾಲದ ದಾನಶಾಸನಗಳನ್ನು ಓದುವವರಿಗೆ ಒಂದು ಪದಗುಚ್ಛ ಮತ್ತೆ ಮತ್ತೆ ಎದುರಾಗುತ್ತದೆ: 'ಖಂಡಸ್ಫುಟಿತ ಜೀರ್ಣೋದ್ಧಾರ'. ಊರೊಂದನ್ನೋ ಗದ್ದೆಯೊಂದನ್ನೋ ಸುಂಕದ ಒಂದು ಪಾಲನ್ನೋ ದೇವರಿಗೆ ಬಿಟ್ಟುಕೊಡುವಾಗ ಪೂಜೆ, ನೈವೇದ್ಯ, ಅಂಗಭೋಗ, ರಂಗಭೋಗಗಳ ಜೊತೆಗೆ ಇದನ್ನೂ ಹೆಸರಿಸುತ್ತಾರೆ. ಖಂಡ ಎಂದರೆ ಮುರಿದದ್ದು. ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಜೀರ್ಣ ಎಂದರೆ ಮುರಿಯದೆ, ಬಿರಿಯದೆ, ಬಳಸಿ ಬಳಸಿ ಸವೆದದ್ದು. ಗುಡಿ ಇನ್ನೂ ಹೊಸದಾಗಿರುವಾಗಲೇ ಅದು ಮೂರು ಬಗೆಯಲ್ಲಿ ಹಾಳಾಗುತ್ತದೆ ಎಂದು ಒಪ್ಪಿಕೊಂಡು, ರಿಪೇರಿಯ ಖರ್ಚಿಗೆ ಆದಾಯವನ್ನು ಮೊದಲೇ ಕಟ್ಟಿಡುತ್ತಿದ್ದರು ಎಂಬುದು ಈ ಮಾತಿನಿಂದ ತಿಳಿಯುತ್ತದೆ.

ಅರಸೀಕೆರೆ, ಹಳೇಬೀಡು, ಬೇಲೂರುಗಳ ನಡುವಿನ ರಸ್ತೆಯಲ್ಲಿ ದಶಕಗಳ ಕಾಲ ಓಡಿದ ಬಾಡಿಗೆ ಕಾರುಗಳ ಬಗ್ಗೆ ಬರೆಯಬೇಕೆಂದು ಕೂತಾಗ ನನಗೆ ಮೊದಲು ನೆನಪಾದದ್ದು ಈ ಮಾತು. ಲಕ್ಷಾಂತರ ಕಿಲೋಮೀಟರ್ ಓಡಿದ ಎಂಜಿನ್ನನ್ನು ಬಿಚ್ಚಿ ಗ್ಯಾರೇಜಿನ ನೆಲದ ಮೇಲೆ ಹರಡಿಕೊಂಡ ಮೇಸ್ತ್ರಿ ಕೇಳಿಕೊಳ್ಳುವ ಪ್ರಶ್ನೆಯೂ ಇದೇ. ಯಾವುದು ಮುರಿದಿದೆ, ಯಾವುದು ಬಿರಿದಿದೆ, ಯಾವುದು ಬರೀ ಸವೆದಿದೆ? ಇವುಗಳಲ್ಲಿ ಯಾವುದನ್ನು ಬದಲಿಸಬೇಕು, ಯಾವುದನ್ನು ತಿದ್ದಿ ಉಳಿಸಿಕೊಳ್ಳಬೇಕು, ಯಾವುದನ್ನು ಹಾಗೇ ಬಿಡಬಹುದು? ಉತ್ತರ ಎಂಜಿನ್ನಿನೊಳಗೆ ಮಾತ್ರ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅದೇ ಎಂಜಿನ್, ಅಷ್ಟೇ ಸವೆತ ಇದ್ದರೂ 1960ರಲ್ಲಿ ಸಿಗುತ್ತಿದ್ದ ಉತ್ತರ ಬೇರೆ, 1990ರದ್ದು ಬೇರೆ, ಇವತ್ತಿನದು ಬೇರೆ. ಆ ಉತ್ತರಗಳು ಬದಲಾದ ಬಗೆಯೇ ಒಂದು ಚರಿತ್ರೆ.

*

ಅರಸೀಕೆರೆಗೆ ಯಂತ್ರ ಬಂದದ್ದು ರೈಲಿನ ರೂಪದಲ್ಲಿ. 1880ರ ದಶಕದ ಕೊನೆಗೆ ಬೆಂಗಳೂರು–ಹರಿಹರ ಮಾರ್ಗ ಈ ಊರನ್ನು ಹಾದುಹೋಯಿತು. 1918ರ ಹೊತ್ತಿಗೆ ಮೈಸೂರಿನಿಂದ ಹಾಸನದ ಮೇಲೆ ಬಂದ ಮೀಟರ್‌ಗೇಜ್ ಹಳಿ ಇಲ್ಲಿ ಕೂಡಿಕೊಂಡು ಊರು ಜಂಕ್ಷನ್ ಆಯಿತು. ಹಳೇಬೀಡು, ಬೇಲೂರು ನೋಡಲು ದೂರದಿಂದ ಬರುವವರು ಬಾಣಾವರದಲ್ಲೋ ಅರಸೀಕೆರೆಯಲ್ಲೋ ಇಳಿದು, ಜಾವಗಲ್ ದಾಟಿ ಹಳೇಬೀಡಿಗೆ, ಅಲ್ಲಿಂದ ಮತ್ತೆ 16–17 ಕಿ.ಮೀ. ಬೇಲೂರಿಗೆ ಹೋಗುವುದು ಒಂದು ವಾಡಿಕೆಯ ದಾರಿ. ಮೊದಲು ಎತ್ತಿನಗಾಡಿ, ಆಮೇಲೆ ಬಸ್ಸು, ಆಮೇಲೆ ಸ್ಟೇಷನ್ ಮುಂದಿನ ಬಾಡಿಗೆ ಕಾರು.

ಉಗಿ ಎಂಜಿನ್ನಿನ ಕಾಲ ಕಲಿಸಿದ ದೊಡ್ಡ ಪಾಠವೊಂದಿದೆ. ಸವೆಯುವುದನ್ನು ತಪ್ಪಿಸಲಾಗದಿದ್ದರೆ, ಎಲ್ಲಿ ಸವೆಯಬೇಕು ಎಂಬುದನ್ನಾದರೂ ನಾವೇ ಗೊತ್ತುಮಾಡಬೇಕು. ರೈಲಿನ ಎರಕದ ಚಕ್ರದ ಮೇಲೆ ಉಕ್ಕಿನ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಿದ್ದರು. ಹಳಿಗೆ ಉಜ್ಜಿ ಸವೆಯುವುದು ಪಟ್ಟಿ, ಚಕ್ರ ಉಳಿಯುತ್ತದೆ. ತಿರುಗುವ ಉಕ್ಕಿನ ದಂಡಕ್ಕೆ ಆಸರೆಯಾಗಿ ಮೆದುವಾದ ಬಿಳಿ ಲೋಹದ ಬೇರಿಂಗ್ ಇಟ್ಟರು. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ ಈ ಉಪಾಯದ ತಿರುಳು ಸರಳ: ಎರಡು ಲೋಹ ಒಂದಕ್ಕೊಂದು ತಿಕ್ಕುವಲ್ಲಿ ಅಗ್ಗದ್ದು ಸವೆಯಲಿ, ದುಬಾರಿಯದು ಉಳಿಯಲಿ. ಮೋಟಾರು ಕಾರಿನ ಎಂಜಿನ್ ಇದೇ ತತ್ವದ ಮಗು. ಮೊದಮೊದಲ ಕಾರುಗಳಲ್ಲಿ ಬೇರಿಂಗ್ ಸವೆದರೆ ಮೇಸ್ತ್ರಿ ಬಿಳಿ ಲೋಹವನ್ನು ಕರಗಿಸಿ ಹೊಯ್ದು, ಕೈಯಿಂದ ಹೆರೆದು, ದಂಡಕ್ಕೆ ಹೊಂದಿಸುತ್ತಿದ್ದ. ತೆಳ್ಳನೆಯ ಚಿಪ್ಪಿನಂಥ ಬೇರಿಂಗುಗಳು ಕಾರ್ಖಾನೆಯಿಂದ ಡಬ್ಬಿಯಲ್ಲಿ ಬರತೊಡಗಿದ ಮೇಲೆ ಅವನ ಕೆಲಸ ಬದಲಾಯಿತು. ಭಾಗವನ್ನು ತಾನೇ ಮಾಡುತ್ತಿದ್ದವನು ಈಗ ಸರಿಯಾದ ಸೈಜನ್ನು ಆರಿಸುವವನಾದ.

ಆ ಆರಿಸುವ ಕೆಲಸಕ್ಕೆ ನಮ್ಮಲ್ಲಿ ಅತಿ ಹೆಚ್ಚು ಅವಕಾಶ ಕೊಟ್ಟ ಕಾರು ಅಂಬಾಸಿಡರ್. 1942ರಲ್ಲಿ ಹುಟ್ಟಿದ ಹಿಂದೂಸ್ತಾನ್ ಮೋಟಾರ್ಸ್ ಗುಜರಾತಿನ ಓಖಾದಿಂದ ಬಂಗಾಳದ ಉತ್ತರಪಾರಾಕ್ಕೆ ಹೋಗಿ ನೆಲೆಸಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚನ್ನು ತಂದು 1950ರ ದಶಕದ ಕೊನೆಯಲ್ಲಿ ಅಂಬಾಸಿಡರನ್ನು ಹೊರತಂದಿತು. ಆರಂಭದ ಸೈಡ್ ವಾಲ್ವ್ ಎಂಜಿನ್ ಬೇಗನೆ ಹೋಗಿ, 1489 ಸಿಸಿಯ ಬಿಎಂಸಿ ಎಂಜಿನ್ ಬಂತು. ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, ಮೂರು ಮೇನ್ ಬೇರಿಂಗುಗಳ ಮೇಲೆ ಕೂತ ಕ್ರ್ಯಾಂಕ್. ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಈ ಎಂಜಿನ್ ಮೂರು ದಶಕ ನಮ್ಮ ರಸ್ತೆಗಳ ಮೇಲಿತ್ತು.

ಇದಕ್ಕೆ ಕಾರಣ ಆ ಎಂಜಿನ್ನಿನ ಗುಣ ಮಾತ್ರವಲ್ಲ. ದೇಶದೊಳಗೇ ಕಾರು ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಅವಕಾಶ ಎಂದು 1953ರಲ್ಲಿ ಸರ್ಕಾರ ನಿರ್ಧರಿಸಿದ ಮೇಲೆ ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಇಲ್ಲಿಂದ ಹೊರಟವು. ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹೊರದೇಶದ ಬಿಡಿಭಾಗ ತರಿಸುವುದಕ್ಕೆ ಪರವಾನಗಿ ಬೇಕಿತ್ತು. ಒಳಗಿನ ಉದ್ಯಮ ನಿಧಾನವಾಗಿ ಬೆಳೆಯಿತು. ಮದ್ರಾಸಿನಲ್ಲಿ 1949ರಲ್ಲಿ ಇಂಡಿಯಾ ಪಿಸ್ಟನ್ಸ್, ಪಟಿಯಾಲಾದಲ್ಲಿ 1954ರಲ್ಲಿ ಗೋಯೆಟ್ಜೆ ರಿಂಗುಗಳು, ಸ್ಪಾರ್ಕ್ ಪ್ಲಗ್ಗಿಗೆ ನಮ್ಮ ಬೆಂಗಳೂರಿನ ಮೈಕೋ. ಹಾಸನ ಜಿಲ್ಲೆಯ ಗ್ಯಾರೇಜಿನವರಿಗೆ ಇವೆಲ್ಲ ಸಿಗುತ್ತಿದ್ದ ಒಂದು ದೊಡ್ಡ ಜಾಗ ಬೆಂಗಳೂರಿನ ಜೆ.ಸಿ. ರಸ್ತೆ. ಬೆಳಗಿನ ರೈಲಿಗೆ ಹೋಗಿ, ಗೋಣಿಚೀಲದಲ್ಲಿ ಕಟ್ಟಿಕೊಂಡು, ರಾತ್ರಿ ರೈಲಿಗೆ ವಾಪಸು ಬರುತ್ತಿದ್ದರು. ಹೊಸ ಕಾರು ಎಲ್ಲರ ಕೈಗೆ ಸಿಗದ ಕಾಲದಲ್ಲಿ ಹಳೇ ಎಂಜಿನ್ನನ್ನು ಮತ್ತೊಮ್ಮೆ ಎಬ್ಬಿಸಿ ನಿಲ್ಲಿಸುವವನು ಊರಿಗೆ ಬೇಕಾದವನಾಗಿದ್ದ.

*

ಆ ಎಂಜಿನ್ನಿನ ಸಿಲಿಂಡರಿನ ಅಗಲ 73.025 ಮಿಲಿಮೀಟರ್, ಇಂಚಿನಲ್ಲಿ 2.875. ಪಿಸ್ಟನ್ನು ಮೇಲೆ ಕೆಳಗೆ ಓಡಾಡಿ ಸಿಲಿಂಡರಿನ ಗೋಡೆ ಸವೆಯುತ್ತದೆ. ಆದರೆ ಎಲ್ಲ ಕಡೆಯೂ ಒಂದೇ ಸಮ ಸವೆಯುವುದಿಲ್ಲ. ಪಿಸ್ಟನ್ನಿನ ಮೇಲಿನ ರಿಂಗ್ ಹೋಗಿ ನಿಲ್ಲುವ ಜಾಗದ ಸ್ವಲ್ಪ ಕೆಳಗೆ ಬೆಂಕಿಯ ಒತ್ತಡ ಹೆಚ್ಚು, ಎಣ್ಣೆ ಕಡಿಮೆ; ಅಲ್ಲಿ ಸವೆತ ಅತಿ ಹೆಚ್ಚು. ಅದಕ್ಕೂ ಮೇಲೆ ರಿಂಗ್ ತಲುಪದ ಜಾಗ ಸವೆಯದೆ ಉಳಿದು ಸಣ್ಣ ಮೆಟ್ಟಿಲಿನಂತೆ ನಿಲ್ಲುತ್ತದೆ. ಹೆಡ್ ಬಿಚ್ಚಿದ ಮೇಸ್ತ್ರಿ ಮೊದಲು ಮಾಡುವ ಕೆಲಸ ಈ ಮೆಟ್ಟಿಲನ್ನು ಉಗುರಿನಿಂದ ಮುಟ್ಟಿ ನೋಡುವುದು. ಉಗುರು ತಡೆದರೆ ಅವನ ಮುಖ ಗಂಭೀರವಾಗುತ್ತದೆ. ಆಮೇಲೆ ಬೋರ್ ಗೇಜ್ ಇಟ್ಟು ಅಳೆಯುವುದು ಉಗುರು ಹೇಳಿದ್ದನ್ನು ಅಂಕಿಯಲ್ಲಿ ಬರೆದುಕೊಳ್ಳಲಿಕ್ಕೆ.

ಉಗುರು ತಡೆಯುವ ಎಂಜಿನ್ನಿಗೆ ಹೊಸ ರಿಂಗ್ ಮಾತ್ರ ಹಾಕಿದರೆ ಏನಾಗುತ್ತದೆ? ಹಳೆಯ ರಿಂಗಿನ ಅಂಚು ಮೆಟ್ಟಿಲಿಗೆ ಹೊಂದಿಕೊಂಡು ಉರುಟಾಗಿರುತ್ತದೆ. ಹೊಸ ರಿಂಗಿನ ಅಂಚು ಚೂಪು. ಅದು ಮೇಲೆ ಹೋದಾಗಲೆಲ್ಲ ಮೆಟ್ಟಿಲಿಗೆ ಬಡಿದು, ಕೊನೆಗೆ ಮುರಿಯುತ್ತದೆ. ಮುರಿದ ಚೂರು ಗೋಡೆಯನ್ನೇ ಕೆರೆಯುತ್ತದೆ. ಹಳೆಯದರ ಜೊತೆ ಹೊಂದಿಕೊಂಡು ಬಾಳುತ್ತಿದ್ದುದನ್ನು ತೆಗೆದು ಹೊಸದನ್ನು ಕೂರಿಸಿದ್ದರಿಂದಲೇ ಹಳೆಯದು ಹಾಳಾಗುವ ಈ ಸಂದರ್ಭ ರಿಪೇರಿಯ ಚರಿತ್ರೆಯಲ್ಲಿ ತುಂಬ ಮುಖ್ಯವಾದದ್ದು. ಮೆಟ್ಟಿಲನ್ನು ಕತ್ತರಿಸಿ ತೆಗೆಯಬೇಕು, ಇಲ್ಲವೆ ಸಿಲಿಂಡರನ್ನೇ ಲೇತ್ ಅಂಗಡಿಗೆ ಕೊಟ್ಟು ಬೋರಿಂಗ್ ಮಾಡಿಸಿ, ಅಗಲವಾದ ತೂತಿಗೆ ತಕ್ಕ ದೊಡ್ಡ ಪಿಸ್ಟನ್ ಹಾಕಬೇಕು.

ಇಲ್ಲಿ ಲೆಕ್ಕದ ಇನ್ನೊಂದು ಪದರ ತೆರೆದುಕೊಳ್ಳುತ್ತದೆ. ಈ ಎಂಜಿನ್ನಿಗೆ ಓವರ್‌ಸೈಜ್ ಪಿಸ್ಟನ್ನುಗಳು ನಾಲ್ಕು ಮೆಟ್ಟಿಲಲ್ಲಿ ಸಿಗುತ್ತಿದ್ದವು. ಇಂಚಿನ ಸಾವಿರದ ಒಂದು ಪಾಲನ್ನು ಎಣಿಕೆಯಾಗಿ ಇಟ್ಟುಕೊಂಡು ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ನಲವತ್ತು ಎಂದರೆ ಸುಮಾರು ಒಂದು ಮಿಲಿಮೀಟರ್. ಹೊಸದಾಗಿ ಬಂದ ದಿನದಿಂದ ಕೊನೆಯ ಬೋರಿಂಗಿನವರೆಗೆ ಒಂದು ಸಿಲಿಂಡರ್ ನಮಗೆ ಕೊಡುವುದು ಅಷ್ಟೇ, ಒಂದು ಮಿಲಿಮೀಟರ್. ಅಷ್ಟರಲ್ಲಿ ಒಂದು ಕಾರಿನ ಇಡೀ ಆಯಸ್ಸು, ಒಬ್ಬ ಡ್ರೈವರಿನ ಅರ್ಧ ಆಯಸ್ಸು ಕಳೆದುಹೋಗುತ್ತಿತ್ತು. ಕ್ರ್ಯಾಂಕಿನದೂ ಇದೇ ಕತೆ, ಆದರೆ ತಿರುವುಮುರುವು. ಸಿಲಿಂಡರ್ ಪ್ರತಿಸಲ ಅಗಲವಾಗುತ್ತ ಹೋದರೆ ಕ್ರ್ಯಾಂಕ್ ಪ್ರತಿ ಗ್ರೈಂಡಿಂಗಿಗೂ ಸಣ್ಣದಾಗುತ್ತ ಹೋಗುತ್ತದೆ. ಅದಕ್ಕೂ ಹತ್ತರಿಂದ ನಲವತ್ತರವರೆಗೆ ಅಂಡರ್‌ಸೈಜ್ ಬೇರಿಂಗುಗಳು.

ಹಾಗಾಗಿ ಇವತ್ತಿನ ನಿರ್ಧಾರ ನಾಳೆಯ ನಿರ್ಧಾರವನ್ನು ಕಡಿಮೆ ಮಾಡುತ್ತದೆ. ಹತ್ತರಲ್ಲಿ ಸರಿಹೋಗುವ ಸಿಲಿಂಡರನ್ನು ನೇರ ಇಪ್ಪತ್ತಕ್ಕೆ ಹೊಡೆಸಿದರೆ ಒಂದು ಜನ್ಮ ವ್ಯರ್ಥವಾದಂತೆ. ಹತ್ತಕ್ಕೇ ಜಿಪುಣತನ ಮಾಡಿ ಗೋಡೆಯ ಗೀರು ಪೂರ್ತಿ ಹೋಗದೆ ಉಳಿದರೆ ಹಾಕಿದ ದುಡ್ಡೆಲ್ಲ ಹೊಗೆ. ನಲವತ್ತೂ ಮುಗಿದ ಮೇಲೆ ಒಂದು ದಾರಿ ಉಳಿದಿರುತ್ತಿತ್ತು: ಸಿಲಿಂಡರನ್ನು ಇನ್ನೂ ಕೊರೆದು, ಒಳಗೆ ಕಬ್ಬಿಣದ ಲೈನರ್ ಒತ್ತಿ ಕೂರಿಸಿ, ಮತ್ತೆ ಮೊದಲಿನ ಸೈಜಿಗೆ ತರುವುದು. ಬ್ಲಾಕಿಗೆ ಇದು ಮರುಹುಟ್ಟು.

*

ನಮ್ಮ ಸೋದರಮಾವ ಅರಸೀಕೆರೆಯಲ್ಲಿ ಬಾಡಿಗೆಗೆ ಓಡಿಸುತ್ತಿದ್ದ ಅಂಬಾಸಿಡರ್ ಮಾರ್ಕ್ 3ಕ್ಕೆ ಅವರು ಒಂದು ಡೈರಿ ಇಟ್ಟಿದ್ದರು. ಕೊಬ್ಬರಿ ಮಂಡಿಯವರು ಹೊಸವರ್ಷಕ್ಕೆ ಹಂಚುವ ಡೈರಿ. ಅದರಲ್ಲಿ ಬಾಡಿಗೆಯ ಲೆಕ್ಕದ ಪಕ್ಕದಲ್ಲೇ ಎಂಜಿನ್ನಿನ ಲೆಕ್ಕ. ನಾನು ಕಾಲೇಜಿನಲ್ಲಿ ಶಾಸನ ಓದುವುದನ್ನು ಕಲಿಯುತ್ತಿದ್ದ ವರ್ಷಗಳಲ್ಲಿ ಆ ಡೈರಿಯನ್ನೂ ಹಾಗೇ ಓದುತ್ತಿದ್ದೆ: ಯಾರು, ಯಾವಾಗ, ಏನನ್ನು, ಯಾವುದಕ್ಕಾಗಿ. 'ವಾಲ್ವ್ ಗ್ರೈಂಡಿಂಗ್, ಹೆಡ್ ಗ್ಯಾಸ್ಕೆಟ್ ಹೊಸದು.' 'ರಿಂಗ್ ಸೆಟ್, ಬಿಗ್ ಎಂಡ್ ಬೇರಿಂಗ್. ಕ್ರ್ಯಾಂಕ್ ಮುಟ್ಟಿಲ್ಲ.' 'ಬೋರ್ 20. ಪಿಸ್ಟನ್ 4. ಕ್ರ್ಯಾಂಕ್ 10. ಚೈನು, ಆಯಿಲ್ ಪಂಪು ಹೊಸದು.' ಕಿಲೋಮೀಟರಿನ ಕಾಲಂ ಮಾತ್ರ ನಂಬುವಂತಿರಲಿಲ್ಲ. ಆ ಮೀಟರಿನಲ್ಲಿದ್ದದ್ದು ಐದೇ ಅಂಕಿ. 99,999 ದಾಟಿದರೆ ಮತ್ತೆ ಸೊನ್ನೆ. ಕೇಬಲ್ ತುಂಡಾಗಿ ತಿಂಗಳುಗಟ್ಟಲೆ ನಿಂತೇ ಇರುತ್ತಿದ್ದದ್ದೂ ಉಂಟು. ಎಷ್ಟು ಓಡಿದೆ ಎಂಬುದನ್ನು ಮೇಸ್ತ್ರಿ ಎಂಜಿನ್ನನ್ನೇ ಕೇಳಿ ತಿಳಿಯಬೇಕಿತ್ತು.

ಕೇಳುವ ಕ್ರಮ ಹೀಗಿತ್ತು. ಮೊದಲು ಹೊಗೆ. ಸಕಲೇಶಪುರದಾಚೆ ಶಿರಾಡಿ ಘಾಟಿ ಇಳಿದು, ಬುಡದಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತರೆ ಎಣ್ಣೆ ವಾಲ್ವ್ ಗೈಡಿನ ಸಂದಿಯಿಂದ ಇಳಿಯುತ್ತಿದೆ ಎಂದರ್ಥ. ಏರು ಹತ್ತುವಾಗ ಉದ್ದಕ್ಕೂ ನೀಲಿ ಹೊಗೆಯಿದ್ದರೆ ರಿಂಗು. ಆಮೇಲೆ ಕಂಪ್ರೆಷನ್. ಪ್ಲಗ್ಗು ಬಿಚ್ಚಿ ನಾಲ್ಕೂ ಸಿಲಿಂಡರಿನ ಒತ್ತಡ ಅಳೆದು, ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹೊಯ್ದು ಮತ್ತೆ ಅಳೆಯುವುದು. ಒತ್ತಡ ಏರಿದರೆ ರಿಂಗು ಸೋರುತ್ತಿದೆ, ಏರದಿದ್ದರೆ ವಾಲ್ವು. ಆಮೇಲೆ ಸದ್ದು. ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪ್ಲಗ್ಗಿನ ವೈರು ಕೀಳುವುದು. ಯಾವ ವೈರು ಕಿತ್ತಾಗ ಬಡಿತದ ಸದ್ದು ತಗ್ಗುತ್ತದೋ ಆ ಸಿಲಿಂಡರಿನ ಬಿಗ್ ಎಂಡ್ ಸಡಿಲ. ಬಿಚ್ಚುವ ಮೊದಲೇ ಅರ್ಧ ತೀರ್ಪು ಸಿದ್ಧವಾಗಿರುತ್ತಿತ್ತು.

ಬೋರ್ ಇಪ್ಪತ್ತು ಎಂದು ಡೈರಿಯಲ್ಲಿ ಬರೆಯುವ ಮುಂಚಿನ ಮಾತುಕತೆ ನಮ್ಮ ಮನೆಯಲ್ಲಿ ಬಹಳ ದಿನ ಓಡಾಡಿತು. ದಸರಾ ರಜೆ ಹತ್ತಿರವಿತ್ತು. ಬೇಲೂರು–ಹಳೇಬೀಡಿನ ಬಾಡಿಗೆ ವರ್ಷದಲ್ಲಿ ಅತಿ ಹೆಚ್ಚು ಸಿಗುವ ದಿನಗಳು. ಕಾರು ಗ್ಯಾರೇಜಿನಲ್ಲಿ ನಿಂತಷ್ಟು ದಿನ ಒಲೆಗೆ ಕಷ್ಟ.

"ಮೇಸ್ತ್ರಿ, ಸದ್ಯ ವಾಲ್ವ್ ಕೆಲ್ಸ ಮಾಡ್ಕೊಟ್ಬಿಡಿ. ಕೆಳಗಿಂದು ಸಂಕ್ರಾಂತಿಗೆ ನೋಡಾಣ" ಎಂದರು ಮಾವ.

"ಮಾಡ್ಕೊಡ್ಬೋದು ಅಣ್ಣ. ಮೇಲೆ ಗಟ್ಟಿ ಮಾಡಿದ್ರೆ ಕೆಳಗೆ ತಡಿಬೇಕಲ್ಲ. ದಾರಿ ಮಧ್ಯ ರಾಡ್ ಆಚೆ ಬಂದ್ರೆ ಬ್ಲಾಕೇ ಹೋಯ್ತದೆ. ಆಗ ಏನು ಮಾಡ್ತೀರ?"

ಮೇಸ್ತ್ರಿ ಹೇಳಿದ್ದರಲ್ಲಿ ಒಂದು ಹಳೆಯ ಅನುಭವವಿತ್ತು. ಸೋರುತ್ತಿದ್ದ ವಾಲ್ವುಗಳನ್ನು ಉಜ್ಜಿ ಬಿಗಿ ಮಾಡಿದರೆ ಮೇಲಿನ ಒತ್ತಡ ಮತ್ತೆ ಪೂರ್ತಿ ಬರುತ್ತದೆ. ಆ ಒತ್ತಡವನ್ನು ಹೊರಬೇಕಾದ್ದು ಕೆಳಗಿನ ಸವೆದ ರಿಂಗು, ಸಡಿಲ ಬೇರಿಂಗು. ಅಲ್ಲಿಯವರೆಗೆ ಮೇಲೂ ಕೆಳಗೂ ಒಟ್ಟಿಗೆ ದುರ್ಬಲವಾಗಿ ಹೇಗೋ ನಡೆಯುತ್ತಿದ್ದ ಸಂಸಾರ; ಒಂದನ್ನು ಮಾತ್ರ ಬಲಪಡಿಸಿದರೆ ಇನ್ನೊಂದರ ಗುಟ್ಟು ಬಯಲಾಗುತ್ತದೆ. ಕಡೆಗೆ ಬಿಗ್ ಎಂಡ್ ಬೇರಿಂಗಿನ ಚಿಪ್ಪನ್ನು ಬಿಚ್ಚಿ ಮಾವನ ಅಂಗೈ ಮೇಲಿಟ್ಟರಂತೆ. ಬೂದುಬಣ್ಣದ ಪದರ ಹರಿದುಹೋಗಿ ಅಡಿಯ ತಾಮ್ರ ಹೊಳೆಯುತ್ತಿತ್ತು. ಮಾವ ಮತ್ತೆ ಮಾತಾಡಲಿಲ್ಲ. ಆ ದಸರಾದ ಬಾಡಿಗೆಗಳು ಬೇರೆಯವರ ಪಾಲಾದವು, ಅತ್ತೆಯ ಎರಡು ಬಳೆ ಅಡವಿಗೆ ಹೋದವು. ಕಾರು ಮಾತ್ರ ಆಮೇಲೆ ಹಲವು ವರ್ಷ ಓಡಿತು.

ಡೈರಿಯಲ್ಲಿ ಚೈನು, ಆಯಿಲ್ ಪಂಪು ಹೊಸದು ಎಂದಿತ್ತಲ್ಲ. ಅವೆರಡೂ ಕೆಟ್ಟಿರಲಿಲ್ಲ. ಆದರೂ ಬದಲಿಸಿದ್ದಕ್ಕೆ ಕಾರಣ ಬೇರೆ: ಅವು ಇರುವ ಜಾಗಕ್ಕೆ ಕೈ ಹೋಗಬೇಕಾದರೆ ಎಂಜಿನ್ನನ್ನೇ ಅರ್ಧ ಬಿಚ್ಚಬೇಕು. ಆರು ತಿಂಗಳಿಗೆ ಅದೊಂದೇ ಕೆಟ್ಟರೂ ಪೂರ್ತಿ ಕೂಲಿ ಮತ್ತೆ ಬೀಳುತ್ತದೆ. ಆಯಿಲ್ ಸೀಲು, ಗ್ಯಾಸ್ಕೆಟ್ಟು, ಚೈನುಗಳನ್ನು ಬಿಚ್ಚಿದಾಗಲೇ ಬದಲಿಸಬೇಕು. ಕಾರ್ಬ್ಯುರೇಟರ್, ಡೈನಮೋ, ವಾಟರ್ ಪಂಪುಗಳನ್ನು ಕೆಟ್ಟಾಗ ನೋಡಿಕೊಳ್ಳಬಹುದು, ಅವು ಹೊರಗಡೆ ಇವೆ. ಹೀಗೆ ಎಷ್ಟು ಸವೆದಿದೆ ಎಂಬುದರ ಜೊತೆಗೆ ತಲುಪುವುದು ಎಷ್ಟು ಕಷ್ಟ, ಕೈಕೊಟ್ಟರೆ ಇನ್ನೇನನ್ನು ಕೊಂದು ಹೋಗುತ್ತದೆ, ಇನ್ನೆಷ್ಟು ಮೆಟ್ಟಿಲು ಬಾಕಿ ಇದೆ ಎಂಬ ಮೂರು ಪ್ರಶ್ನೆಗಳು ಸೇರಿಕೊಂಡು ತೀರ್ಮಾನವಾಗುತ್ತಿತ್ತು.

*

ಆ ಕಾರು ಜನರನ್ನು ಇಳಿಸುತ್ತಿದ್ದ ಬೇಲೂರಿನ ಚೆನ್ನಕೇಶವ ಗುಡಿಯ ಚರಿತ್ರೆಯಲ್ಲಿ ಇದೇ ಬಗೆಯ ತೀರ್ಮಾನಗಳ ಸಾಲೇ ಇದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ ಇದು. ಹದಿನಾಲ್ಕನೆಯ ಶತಮಾನದ ದಾಳಿಗಳಲ್ಲಿ ಘಾಸಿಗೊಂಡು ವಿಜಯನಗರದ ಎರಡನೇ ಹರಿಹರನ ಕಾಲದಲ್ಲಿ ದುರಸ್ತಿ ಕಂಡಿತು. ಆ ಕೆಲಸಗಳ ಕ್ರಮವನ್ನು ಗಮನಿಸಬೇಕು. 1381ರಲ್ಲಿ ನಾಲ್ಕು ಗ್ರಾನೈಟ್ ಕಂಬಗಳನ್ನು ಸೇರಿಸಿದರು. 1387ರಲ್ಲಿ ಗರ್ಭಗುಡಿಯ ಶಿಖರಕ್ಕೆ ಚಿನ್ನದ ಕಳಶ ಬಂತು. ಸುಟ್ಟುಹೋಗಿದ್ದ ಮಹಾದ್ವಾರದ ಗೋಪುರ ಏಳು ಅಂತಸ್ತಾಗಿ ಮತ್ತೆ ಎದ್ದದ್ದು 1397ರಲ್ಲಿ. ಮೊದಲು ಭಾರ ಹೊರುವುದು, ಆಮೇಲೆ ತಲೆಯ ಮೇಲಿನದು, ಕೊನೆಗೆ ಬಾಗಿಲ ಮುಂದಿನದು. ಬಳಪದ ಕಲ್ಲಿನ ಕುಸುರಿಯ ನಡುವೆ ಬೇರೆ ಕಲ್ಲಿನ ಕಂಬ ನಿಲ್ಲಿಸುವಾಗ ಅಂದಕ್ಕಿಂತ ಆಧಾರ ಮುಖ್ಯವಾಗಿ ಕಂಡಿರಬೇಕು.

ಗರ್ಭಗುಡಿಯ ಶಿಖರ ಮರ, ಇಟ್ಟಿಗೆ, ಗಾರೆಗಳಿಂದ ಕಟ್ಟಿ ಚಿನ್ನದ ನೀರು ಕೊಟ್ಟ ತಾಮ್ರದ ತಗಡು ಹೊದಿಸಿದ್ದು. ಅದು ಹಲವು ಸಲ ಹಾಳಾಗಿ ಹಲವು ಸಲ ಮೇಲೆದ್ದಿತು. 1879ರಲ್ಲಿ ಮಾತ್ರ ಅದನ್ನು ಮತ್ತೆ ಕಟ್ಟುವ ಬದಲು ಕೆಳಗಿನ ಕಟ್ಟಡವನ್ನು ಉಳಿಸಲೆಂದು ಇಳಿಸಿಬಿಟ್ಟರು. ಇಂದು ಬೇಲೂರಿಗೆ ಹೋದವರು ನೋಡುವುದು ಶಿಖರವಿಲ್ಲದ ಗುಡಿ. ಮೇಸ್ತ್ರಿಯ ಮಾತನ್ನೇ ಕಲ್ಲಿಗೆ ಹೇಳಿದಂತಿದೆ: ಮೇಲಿನದು ಎಷ್ಟೇ ಚೆಂದವಿರಲಿ, ಕೆಳಗಿನದು ಹೊರಬೇಕು. ಮೂಗಿಗಿಂತ ಮೂಗುತಿ ಭಾರವಾಗಬಾರದು.

ಹಳೇಬೀಡಿನ ಕೇದಾರೇಶ್ವರದಲ್ಲಿ ಹೀಗೆ ಹೊತ್ತಿಗೆ ಸರಿಯಾಗಿ ಯಾರೂ ತೀರ್ಮಾನ ಮಾಡಲಿಲ್ಲ. ಇಮ್ಮಡಿ ಬಲ್ಲಾಳನ ಕಾಲದ ಈ ಗುಡಿಯ ಶಿಖರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮರವೊಂದು ಬೇರೂರಿತ್ತು. ವಾಸ್ತುಶಿಲ್ಪದ ಚರಿತ್ರಕಾರ ಜೇಮ್ಸ್ ಫರ್ಗ್ಯುಸನ್ 1876ರ ತನ್ನ ಗ್ರಂಥದಲ್ಲಿ ಆ ಗುಡಿಯನ್ನು ಮೆಚ್ಚಿ ಬರೆಯುವಾಗ ಆ ಮರದ ಸಂಗತಿಯನ್ನೂ ಹೇಳಿದ್ದಾನೆ. ಬೇರು ಕಲ್ಲುಗಳ ಸಂದಿಯಲ್ಲಿ ಇಳಿದು ಶಿಖರವನ್ನು ಒಡೆಯಿತು. ಇದು ಎಣ್ಣೆಯ ದೀಪ ಹೊತ್ತಿಕೊಂಡಿದ್ದರೂ ಬಾಡಿಗೆ ಮುಗಿಸಿ ನೋಡೋಣ ಎನ್ನುವ ಡ್ರೈವರಿನ ಕತೆ. ಸಸಿಯಾಗಿದ್ದಾಗ ಕಿತ್ತರೆ ಒಂದು ಕೈಯ ಕೆಲಸ. ಮರವಾದ ಮೇಲೆ ಕಿತ್ತರೂ ಕಲ್ಲು ಬೀಳುತ್ತದೆ, ಬಿಟ್ಟರೂ ಬೀಳುತ್ತದೆ.

ಗುಡಿಗೂ ಎಂಜಿನ್ನಿಗೂ ಇನ್ನೊಂದು ಹೋಲಿಕೆ ಇದೆ. ಎಷ್ಟನ್ನು ಬದಲಿಸಿದರೂ ಯಾವುದು ಉಳಿದರೆ ಅದು ಅದೇ ಎನ್ನಿಸಿಕೊಳ್ಳುತ್ತದೆ? ಆಗಮದ ಪದ್ಧತಿಯಲ್ಲಿ ಜೀರ್ಣೋದ್ಧಾರ ಹಿಡಿದಾಗ ದೇವರ ಶಕ್ತಿಯನ್ನು ಬಾಲಾಲಯದಲ್ಲಿ ತಾತ್ಕಾಲಿಕವಾಗಿ ನೆಲೆಗೊಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ಮೂಲಸ್ಥಾನಕ್ಕೆ ತರುತ್ತಾರೆ. ಗೋಡೆ, ಗೋಪುರ, ಕಂಬ ಹೊಸದಾಗಬಹುದು. ಮೂಲಮೂರ್ತಿಯನ್ನು ಸುಮ್ಮನೆ ಬದಲಿಸುವುದಿಲ್ಲ. ಕಾರಿನಲ್ಲಿ ಆ ಜಾಗ ಬ್ಲಾಕಿನದು. ಎಂಜಿನ್ ನಂಬರ್ ಕೊರೆದಿರುವುದು ಅದರ ಮೇಲೆ. ಆರ್‌ಸಿ ಪುಸ್ತಕದಲ್ಲಿ ಬರೆದಿರುವುದೂ ಅದೇ. ಪಿಸ್ಟನ್ನು, ಕ್ರ್ಯಾಂಕು, ಹೆಡ್ಡು ಎಲ್ಲ ಬದಲಾದರೂ ಸರ್ಕಾರಕ್ಕೆ ಅದು ಹಳೆಯ ಎಂಜಿನ್ನೇ. ಬ್ಲಾಕ್ ಬದಲಾದರೆ ಮಾತ್ರ ಆರ್‌ಟಿಒ ಕಚೇರಿಗೆ ಹೋಗಿ ಹೊಸ ನಂಬರ್ ಬರೆಸಬೇಕು. ಎಂಬತ್ತರ ದಶಕದಲ್ಲಿ ಎಷ್ಟೋ ಟ್ಯಾಕ್ಸಿಯವರು ಪೆಟ್ರೋಲಿನ ಖರ್ಚು ತಾಳದೆ ಮ್ಯಾಟಡಾರಿನ ಡೀಸೆಲ್ ಎಂಜಿನ್ನನ್ನೇ ಅಂಬಾಸಿಡರಿಗೆ ಕೂರಿಸಿದಾಗ ಹಾಗೆ ಬರೆಸಬೇಕಾಗಿತ್ತು.

*

ಈ ಲೆಕ್ಕದ ಆಧಾರ ಅಲುಗಾಡಿದ್ದು ಯಾವಾಗ? 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅಲ್ಯೂಮಿನಿಯಂ ಹೆಡ್, ಚೈನಿನ ಬದಲು ಟೈಮಿಂಗ್ ಬೆಲ್ಟು. ಆ ಬೆಲ್ಟನ್ನು ಕಣ್ಣಿಂದ ನೋಡಿ, ಸದ್ದು ಕೇಳಿ ನಿರ್ಧರಿಸುವುದು ಕಷ್ಟ. ಇಷ್ಟು ಕಿಲೋಮೀಟರಿಗೆ ಬದಲಿಸು ಎಂದು ಪುಸ್ತಕ ಹೇಳುತ್ತದೆ, ಬದಲಿಸಬೇಕು. 1992ರಲ್ಲಿ ಅಂಬಾಸಿಡರಿಗೇ ಇಸುಜು ಎಂಜಿನ್ ಬಂತು. 1998ರ ಕೊನೆಗೆ ಬಂದ ಇಂಡಿಕಾದ ಡೀಸೆಲ್ ಕಾರುಗಳು ಸ್ಟೇಷನ್ ಮುಂದಿನ ಸಾಲನ್ನು ತುಂಬಿಕೊಂಡವು. 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಕಾರ್ಖಾನೆ ಕೆಲಸ ನಿಲ್ಲಿಸಿತು.

ಆದರೆ ನಿಜವಾದ ಬದಲಾವಣೆ ಕಾರಿನ ಮಾದರಿಯಲ್ಲಿ ಆದದ್ದಲ್ಲ, ಕೂಲಿ ಮತ್ತು ಸಾಮಾನಿನ ಬೆಲೆಯ ನಡುವಿನ ಸಂಬಂಧದಲ್ಲಿ ಆದದ್ದು. ಸಾಮಾನು ದುಬಾರಿ, ಕೈಕೆಲಸ ಅಗ್ಗವಾಗಿದ್ದ ಕಾಲದಲ್ಲಿ ಹುಡುಗನೊಬ್ಬ ಒಂದು ದಿನ ಕೂತು ಎಂಟು ವಾಲ್ವುಗಳನ್ನು ಪೇಸ್ಟು ಹಚ್ಚಿ ಉಜ್ಜುತ್ತಿದ್ದ. ಗ್ಯಾಸ್ಕೆಟ್ಟನ್ನು ಹಾಳೆಯಿಂದ ಕೈಯಲ್ಲೇ ಕತ್ತರಿಸುತ್ತಿದ್ದರು. ಈಗ ಸಾಮಾನು ಸಲೀಸಾಗಿ ಸಿಗುತ್ತದೆ, ಕೈಗೆ ಬೆಲೆ ಬಂದಿದೆ. ಎಂಜಿನ್ನಿನ ಕೆಳಗಿನ ಅರ್ಧವನ್ನು ಒಟ್ಟಾಗಿಯೇ ಬದಲಿಸುವುದು ಬಿಡಿಬಿಡಿಯಾಗಿ ಅಳೆಯುವುದಕ್ಕಿಂತ ಬೇಗ, ಒಮ್ಮೊಮ್ಮೆ ಅಗ್ಗ. ಹಳೆಯ ಮೇಸ್ತ್ರಿಯ ಮಿತವ್ಯಯವನ್ನು ನಾವು ಗುಣವೆಂದು ಹೊಗಳುತ್ತೇವೆ. ಅದರಲ್ಲಿ ಅವನ ದಿನಗೂಲಿಯ ಅಗ್ಗತನವೂ ಇತ್ತು ಎಂಬುದನ್ನು ಮರೆಯಬಾರದು. ಮರೆಯಬಾರದ ಇನ್ನೊಂದು ಮಾತು: ಬದಲಿಸಲೇಬೇಕಾದ್ದನ್ನು ಬಡತನದಿಂದ ಉಳಿಸಿಕೊಂಡು, ಊರೆಲ್ಲ ನೀಲಿ ಹೊಗೆ ಬಿಟ್ಟುಕೊಂಡು ಓಡಿದ ಕಾರುಗಳೂ ಬೇಕಾದಷ್ಟಿದ್ದವು.

ಇತ್ತೀಚೆಗೆ ತೀರ್ಮಾನ ಗ್ಯಾರೇಜಿನಿಂದಲೂ ಆಚೆ ಹೋಗಿದೆ. ಖಾಸಗಿ ಕಾರಿಗೆ ಹದಿನೈದು ವರ್ಷವಾದರೆ ಮತ್ತೆ ನೋಂದಣಿ ಮಾಡಿಸಬೇಕು. ಅದರ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ದೆಹಲಿಯ ಸುತ್ತಮುತ್ತ ಡೀಸೆಲ್ಲಿಗೆ 10, ಪೆಟ್ರೋಲಿಗೆ 15 ವರ್ಷ ಎಂದು ನ್ಯಾಯಾಲಯಗಳು ಗೆರೆ ಎಳೆದವು. ಇಲ್ಲಿ ಕೇಳುವುದು ಎಷ್ಟು ಸವೆದಿದೆ ಎಂದಲ್ಲ, ಎಷ್ಟು ವಯಸ್ಸಾಗಿದೆ ಎಂದು. ಗಾಳಿಯ ದೃಷ್ಟಿಯಿಂದ ಇದಕ್ಕೆ ಕಾರಣಗಳಿವೆ. ಆದರೆ ವರ್ಷಕ್ಕೆ ಐದು ಸಾವಿರ ಕಿ.ಮೀ. ಓಡಿದ ಕಾರಿಗೂ ಐವತ್ತು ಸಾವಿರ ಓಡಿದ ಕಾರಿಗೂ ಕ್ಯಾಲೆಂಡರ್ ಒಂದೇ ತೀರ್ಪು ಕೊಡುತ್ತದೆ. ಬೋರ್ ಗೇಜಿಗೆ ಇದ್ದ ಸೂಕ್ಷ್ಮ ಕ್ಯಾಲೆಂಡರಿಗೆ ಇಲ್ಲ.

ಗುಡಿಗಳ ಕಡೆ ಗಾಳಿ ತಿರುಗಿ ಬೀಸಿತು. ಜಾನ್ ಮಾರ್ಷಲ್ 1923ರಲ್ಲಿ ಪ್ರಕಟಿಸಿದ ಸಂರಕ್ಷಣಾ ಕೈಪಿಡಿ, ಪುರಾತತ್ವ ಇಲಾಖೆಯವರಿಗೆ ಹೊಸದು ಮಾಡುವುದಕ್ಕಿಂತ ಇದ್ದದ್ದನ್ನು ಕಾಪಾಡುವುದೇ ಕೆಲಸವೆಂದು ಹೇಳಿತು. 1964ರ ವೆನಿಸ್ ಸನ್ನದು ಇನ್ನೊಂದು ಹೆಜ್ಜೆ ಹೋಗಿ, ಹೊಸದಾಗಿ ಸೇರಿಸಿದ ಭಾಗ ಒಟ್ಟಂದಕ್ಕೆ ಹೊಂದಬೇಕು, ಆದರೆ ಹಳೆಯದೆಂದು ಮೋಸ ಮಾಡಬಾರದು, ಬೇರೆಯಾಗಿ ಗುರುತು ಸಿಗಬೇಕು ಎಂದಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲೆ ಅಲ್ಲಿ ಒಂದು ಕಲ್ಲು ಬದಲಿಸಬೇಕಾದರೂ ಬಹಳ ಜನಕ್ಕೆ ಉತ್ತರ ಹೇಳಬೇಕು. ಎಂಜಿನ್ನಿಗೆ ಈ ಕಟ್ಟುನಿಟ್ಟು ಹಾಕಲಾಗದು, ಅದು ಓಡಬೇಕು. ಓಡದ ಎಂಜಿನ್ನಿನಲ್ಲಿ ಮೂಲ ಭಾಗಗಳೆಲ್ಲ ಇದ್ದರೂ ಡ್ರೈವರಿನ ಮನೆಗೆ ಅದರಿಂದ ಅಕ್ಕಿ ಬರುವುದಿಲ್ಲ.

ಆದರೂ ವೆನಿಸಿನ ಆ ಎರಡನೆಯ ನಿಯಮವನ್ನು ನಮ್ಮ ಲೇತ್ ಅಂಗಡಿಗಳು ತಮಗೆ ಗೊತ್ತಿಲ್ಲದೆಯೇ ಪಾಲಿಸುತ್ತ ಬಂದಿವೆ. ಓವರ್‌ಸೈಜ್ ಪಿಸ್ಟನ್ನಿನ ತಲೆಯ ಮೇಲೆ ಅದರ ಸೈಜು ಒತ್ತಿರುತ್ತದೆ: 010, 020, 030. ಹಳೆಯ ಅಂಬಾಸಿಡರೊಂದರ ಹೆಡ್ ಇವತ್ತು ಬಿಚ್ಚಿದರೂ, ಮಸಿಯನ್ನು ಚಿಂದಿಬಟ್ಟೆಯಿಂದ ಒರೆಸಿದರೆ ಆ ಅಂಕಿ ಕಾಣುತ್ತದೆ. ಅದಕ್ಕೂ ಮುಂಚೆ ಎಷ್ಟು ಸಲ ಈ ಎಂಜಿನ್ನಿಗೆ ಕೈ ಹಾಕಿದ್ದಾರೆ, ಇನ್ನೆಷ್ಟು ಮೆಟ್ಟಿಲು ಉಳಿಸಿ ಹೋಗಿದ್ದಾರೆ ಎಂಬುದು ಮುಂದೆ ಬಿಚ್ಚುವವನಿಗೆ ಅಲ್ಲೇ ಓದಲು ಸಿಗುತ್ತದೆ.